ಟಿಕೆಟ್ ಉಚಿತವಾಯಿತು, ದಾರಿಯ ಊಟದ ಪಾಡೇನು?

ಹಿಂದೂಪುರ: ಬೆಳಗಿನ ಜಾವ ಬೆಂಗಳೂರು ಕಡೆಯ ರೈಲು ಹಿಡಿಯಲು ಹಿಂದೂಪುರ ನಿಲ್ದಾಣಕ್ಕೆ ಬರುವವರಲ್ಲಿ ಗಾರ್ಮೆಂಟ್ಸ್ ಕೆಲಸದವರು ಇರುತ್ತಾರೆ, ಓದುವ ಮಕ್ಕಳು ಇರುತ್ತಾರೆ, ಆಸ್ಪತ್ರೆಗೆ ಹೊರಟವರೂ ಇರುತ್ತಾರೆ. ಮೊದಲ ಇಬ್ಬರ ಚೀಲದಲ್ಲಿ ಊಟದ ಡಬ್ಬಿ ಇರಬಹುದು. ಮೂರನೆಯವರದು ಖಾಲಿ ಹೊಟ್ಟೆ. ರಕ್ತಪರೀಕ್ಷೆಗೆ ಏನೂ ತಿನ್ನದೆ ಬರಬೇಕೆಂದು ಹೇಳಿರುತ್ತಾರೆ. ಮಡಕಶಿರಾದ ಆಚೆಯ ರೊಳ್ಳ, ಅಗಳಿ, ಅಮರಾಪುರ ಮಂಡಲಗಳ ಹಳ್ಳಿಯಿಂದ ರಾತ್ರಿಯೇ ಹೊರಟು ಬಂದ ಸಕ್ಕರೆ ಕಾಯಿಲೆಯ ಹೆಂಗಸು ಜಯದೇವದಲ್ಲೋ ನಿಮ್ಹಾನ್ಸ್‌ನಲ್ಲೋ ಸರತಿ ನಿಂತು, ರಕ್ತ ಕೊಟ್ಟು ಹೊರಗೆ ಬರುವ ಹೊತ್ತಿಗೆ ಹತ್ತು ದಾಟಿರುತ್ತದೆ. ಆಗ ಗೇಟಿನ ಮುಂದೆ ಕಣ್ಣಿಗೆ ಬೀಳುವುದು ಬಾಣಲೆಯಲ್ಲಿ ತೇಲುವ ಬೋಂಡಾ, ಇಲ್ಲವೇ ಸಕ್ಕರೆ ಸುರಿದ ಟೀ ಮತ್ತು ಬನ್ನು. ಯಾವ ಕಾಯಿಲೆ ತೋರಿಸಲು ಹೋದರೋ ಅದಕ್ಕೇ ಮೊದಲ ಊಟ ಸಲ್ಲುತ್ತದೆ.

ಕಳೆದ ಎರಡು ಮೂರು ವರ್ಷಗಳಲ್ಲಿ ಗಡಿಯ ಎರಡೂ ಬದಿ ಹೆಂಗಸರ ಓಡಾಟ ಹೆಚ್ಚಿದೆ. ಕರ್ನಾಟಕ ಸರ್ಕಾರ 2023ರ ಜೂನ್ 11ರಂದು ಶಕ್ತಿ ಯೋಜನೆ ತಂದು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತ ಮಾಡಿತು. ಆಂಧ್ರಪ್ರದೇಶ 2025ರ ಆಗಸ್ಟ್ 15ರಂದು ಸ್ತ್ರೀಶಕ್ತಿ ಹೆಸರಿನಲ್ಲಿ ಅದನ್ನೇ ಮಾಡಿತು. ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳು ಇದರಲ್ಲಿ ಸೇರಿವೆ. (ಹೆಸರಿನದೇ ಒಂದು ತಮಾಷೆ. ಕರ್ನಾಟಕದ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಎಂದರೆ ಉಳಿತಾಯದ ಸಂಘ. ಗಡಿ ದಾಟಿದರೆ ಅದು ಬಸ್ ಟಿಕೆಟ್.) ಆದರೆ ಎರಡೂ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ. ಅಂತರರಾಜ್ಯ ಬಸ್ಸಿನಲ್ಲಿ ನೇರ ಹೋದರೆ ಕಾಸು ಕೊಡಬೇಕು. ಹೀಗಾಗಿ ಉಳಿಸಬೇಕೆನ್ನುವವರು ತಮ್ಮ ರಾಜ್ಯದ ಕೊನೆಯ ಊರಿನ ತನಕ ಉಚಿತ ಬಸ್ಸಿನಲ್ಲಿ ಬಂದು, ಇಳಿದು, ಆಚೆಯ ಬಸ್ಸಿಗೆ ಕಾಯುತ್ತಾರೆ. ಕಲ್ಯಾಣದುರ್ಗದಿಂದ ಪಾವಗಡ, ಮಧುಗಿರಿ, ಕೊರಟಗೆರೆ ಮೇಲೆ ಬೆಂಗಳೂರಿಗೆ ಹೋಗುವವರ ಅರ್ಧ ದಿನದ ದಾರಿ ಹೀಗೆ ಇನ್ನಷ್ಟು ಉದ್ದವಾಗುತ್ತದೆ. ಟಿಕೆಟ್ಟಿನಲ್ಲಿ ಉಳಿದದ್ದು ಈ ಕಾಯುವ ಹೊತ್ತಿನಲ್ಲಿ ಖರ್ಚಾಗುತ್ತದೆ, ಅದೂ ತಿನ್ನಬಾರದ್ದಕ್ಕೆ. ಮಕ್ಕಳು ಜತೆಗಿದ್ದರಂತೂ ಕೇಳುವುದೇ ಬೇಡ.

ಅಗ್ಗದ ಊಟಕ್ಕೂ ಸರ್ಕಾರಗಳು ವ್ಯವಸ್ಥೆ ಮಾಡಿಲ್ಲವೆಂದಲ್ಲ. ಕರ್ನಾಟಕದ ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಆಂಧ್ರದ ಅನ್ನ ಕ್ಯಾಂಟೀನ್ 2018ರಲ್ಲಿ ಆರಂಭವಾಗಿ, 2019ರಲ್ಲಿ ಸರ್ಕಾರ ಬದಲಾದಾಗ ಮುಚ್ಚಿ, 2024ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಅಲ್ಲಿ ಯಾವ ಹೊತ್ತಿನ ಊಟಕ್ಕೂ 5 ರೂಪಾಯಿ. ಇಡ್ಲಿ, ಉಪ್ಪಿಟ್ಟು, ಅನ್ನ, ಸಾಂಬಾರು, ಪಲ್ಯ, ಮೊಸರು. ಬಡವನ ಹೊಟ್ಟೆಗೆ ಇದು ದೊಡ್ಡ ಆಸರೆ, ಸಂಶಯವಿಲ್ಲ. ಆದರೆ ಇವು ಹೆಚ್ಚಾಗಿ ಪಟ್ಟಣವಾಸಿಗಳ ಲೆಕ್ಕದಲ್ಲಿ ಕಟ್ಟಿದವು. ಬಾಗಿಲು ತೆಗೆಯುವುದು ಊಟದ ಹೊತ್ತಿಗೆ ಮಾತ್ರ. ಬಸ್ಸು ಹನ್ನೊಂದಕ್ಕೆ ಬಂದರೂ ನಾಲ್ಕಕ್ಕೆ ಬಂದರೂ ಬಾಗಿಲು ಹಾಕಿರುತ್ತದೆ. ಪ್ರಯಾಣಿಕನ ಹಸಿವಿಗೆ ಮಾತ್ರ ಗಡಿಯಾರವಿಲ್ಲ.

ಹಾಗಾದರೆ ಬಸ್ ನಿಲ್ದಾಣದೊಳಗಿನ ಅಂಗಡಿಗಳಲ್ಲಿ ಸಿಗುವುದೇನು? ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳು ನಿಲ್ದಾಣದ ಮಳಿಗೆಗಳನ್ನು ಟೆಂಡರ್ ಕರೆದು ಹೆಚ್ಚು ಬಾಡಿಗೆ ಕೂಗಿದವರಿಗೆ ಕೊಡುತ್ತವೆ. ಬಾಡಿಗೆ ತೀರಿಸಬೇಕಾದವನು ಕೆಡದೆ ಇರುವ, ಲಾಭ ಹೆಚ್ಚಿರುವ ಸರಕನ್ನೇ ಮುಂದೆ ತೂಗುಹಾಕುತ್ತಾನೆ. ಅದಕ್ಕೇ ಕಣ್ಣೆದುರಿಗೆ ಬಣ್ಣದ ಪ್ಯಾಕೆಟ್ಟುಗಳ ತೋರಣ. ಬಾಳೆಹಣ್ಣು ಎರಡು ದಿನಕ್ಕೆ ಕಪ್ಪಾಗುತ್ತದೆ, ಮಜ್ಜಿಗೆ ಸಂಜೆಗೆ ಹುಳಿಯಾಗುತ್ತದೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ಟೆಂಡರಿನ ಷರತ್ತುಗಳನ್ನು. ಅದರ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಬಿಸ್ಕತ್ತಿನ ತೆರಿಗೆ ಶೇ. 18ರಿಂದ 5ಕ್ಕೆ, ಖಾರದ ಕುರುಕಲಿನದು ಶೇ. 12ರಿಂದ 5ಕ್ಕೆ ಬಂದಿದೆ. ಮನೆಯ ಬಜೆಟ್ಟಿಗೆ ಒಳ್ಳೆಯದು, ಮಕ್ಕಳ ಹಲ್ಲಿಗೂ ಹೊಟ್ಟೆಗೂ ಅಲ್ಲ.

ಪ್ಯಾಕೆಟ್ಟಿನ ಹಿಂದೆ ಬರೆದಿದ್ದನ್ನು ಓದಿ ಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ. ಗಡಿ ಹಳ್ಳಿಯವರು ಕನ್ನಡ ಓದಬಲ್ಲರು, ತೆಲುಗು ಓದಬಲ್ಲರು, ಎಷ್ಟೋ ಜನ ಎರಡನ್ನೂ ಓದಬಲ್ಲರು. ಆದರೆ 2020ರ ಆಹಾರ ಲೇಬಲ್ ನಿಯಮದ ಪ್ರಕಾರ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಎರಡು ಭಾಷೆ ಬಲ್ಲವನೂ ಉಪ್ಪೆಷ್ಟು, ಸಕ್ಕರೆಯೆಷ್ಟು ಎಂಬಲ್ಲಿ ಅನಕ್ಷರಸ್ಥನೇ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿದ್ದರೆ ಪ್ಯಾಕೆಟ್ಟಿನ ಮುಂಭಾಗದಲ್ಲೇ ಎಚ್ಚರಿಕೆ ಗುರುತು ಹಾಕಬೇಕೆಂಬ ಅರ್ಜಿಯ ಮೇಲೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ನೀಡಿತ್ತು. ಗಡುವು ಆಮೇಲೆ ಮುಂದಕ್ಕೆ ಹೋಯಿತು. ಅಂಥ ಗುರುತು ಬಂದರೆ ಅತಿ ಹೆಚ್ಚು ಲಾಭವಾಗುವುದು ಇಂಥ ಊರುಗಳಿಗೇ. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಸುಮಾರು ಒಂದು ಟೀ ಚಮಚ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳುತ್ತವೆ. ಉಪ್ಪಿನಕಾಯಿ, ಹಪ್ಪಳದ ಮನೆ ಊಟದಲ್ಲೇ ಅದು ಮುಗಿದಿರುತ್ತದೆ.

ಎಣ್ಣೆಯ ವಿಚಾರದಲ್ಲಿ ಕಾನೂನು ಬಿಗಿಯಾಗಿಯೇ ಇದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶ (ಇದಕ್ಕೆ ಪೋಲಾರ್ ಕಾಂಪೌಂಡ್ ಎನ್ನುತ್ತಾರೆ) ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಯಂತ್ರ ಅಧಿಕಾರಿಯ ಬಳಿ ಇರುತ್ತದೆ, ಬೋಂಡಾ ತಿನ್ನುವವನ ಬಳಿ ಇರುವುದು ಕಣ್ಣು ಮೂಗು ಮಾತ್ರ. ಎಣ್ಣೆ ಕಪ್ಪಗೆ ಮಂದವಾಗಿದ್ದರೆ, ಬಿಡದೆ ನೊರೆ ಬರುತ್ತಿದ್ದರೆ, ಬಾಣಲೆಯಿಂದ ಕಮಟು ಹೊಗೆ ಏಳುತ್ತಿದ್ದರೆ ಮುಂದೆ ನಡೆಯುವುದು ಒಳ್ಳೆಯದು. ಇನ್ನು ಬಜ್ಜಿ ಕಟ್ಟಿಕೊಡುವ ಹಳೇ ಪೇಪರು. ಮುದ್ರಣದ ಮಸಿ ಬಿಸಿ ಎಣ್ಣೆಯಲ್ಲಿ ಕರಗಿ ತಿಂಡಿಗೆ ಅಂಟುತ್ತದೆಂದು 2019ರ ಜುಲೈಯಿಂದ ಇದೂ ನಿಷಿದ್ಧ. ತೆಲುಗು ಪೇಪರಾದರೂ ಕನ್ನಡ ಪೇಪರಾದರೂ ಮಸಿ ಒಂದೇ. ಕರ್ನಾಟಕ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ತಡೆಯಲು ಮುಂದಾಯಿತು. ರಾಜ್ಯದ ಗೆರೆ ದಾಟಿದ ಮೇಲೆ ಆ ಆದೇಶ ನಡೆಯುವುದಿಲ್ಲ. ಹಿಂದೂಪುರ 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೆ ಅದರ ಜಿಲ್ಲಾ ಕಚೇರಿಗಳು ಪುಟ್ಟಪರ್ತಿಯಲ್ಲಿ, ಕಲ್ಯಾಣದುರ್ಗದವು ಅನಂತಪುರದಲ್ಲಿ, ಪಾವಗಡದವು ತುಮಕೂರಿನಲ್ಲಿ, ಗೌರಿಬಿದನೂರಿನವು ಚಿಕ್ಕಬಳ್ಳಾಪುರದಲ್ಲಿ. ಒಂದೇ ದಿನದ ಪ್ರಯಾಣಿಕ ಎರಡು ಮೂರು ಜಿಲ್ಲೆಗಳ ಆಹಾರ ಇಲಾಖೆಯ ಕೈಯಲ್ಲಿರುತ್ತಾನೆ. ದೂರು ಕೊಡುವುದಾದರೆ ಯಾರಿಗೆ ಎಂದು ತಿಳಿಯುವುದರೊಳಗೆ ಬಸ್ಸು ಹೊರಟಿರುತ್ತದೆ.

ಊಟಕ್ಕಿಂತ ನೀರಿನದು ದೊಡ್ಡ ತೊಂದರೆ, ಅದರಲ್ಲೂ ಹೆಂಗಸರಿಗೆ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವುದಿಲ್ಲವೆಂದು ಮನೆ ಬಿಟ್ಟಲ್ಲಿಂದ ಮರಳುವ ತನಕ ನೀರೇ ಕುಡಿಯದೆ ಇರುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಈ ಸೀಮೆಯ ಬಿಸಿಲಿನಲ್ಲಿ ಎಂಟು ಹತ್ತು ತಾಸು ನೀರಿಲ್ಲದೆ ಇದ್ದರೆ ತಲೆಸುತ್ತು, ಉರಿಮೂತ್ರ ಬರುತ್ತವೆ, ಮೂತ್ರದ ಸೋಂಕು ತಗಲುವ ಸಂಭವ ಹೆಚ್ಚುತ್ತದೆ. ಗರ್ಭಿಣಿಯರಿಗೆ, ಕಿಡ್ನಿಯಲ್ಲಿ ಕಲ್ಲು ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಉಚಿತ ಟಿಕೆಟ್ ಕೊಟ್ಟು ಉಚಿತ ಶೌಚಾಲಯ ಮರೆತದ್ದು ಯೋಜನೆಯ ಸಣ್ಣ ಲೋಪವಲ್ಲ. ಪಾವಗಡ ಮತ್ತು ಅನಂತಪುರ ಸೀಮೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬೇರೆ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಹೀಗಾಗಿ ಊರಿನ ಶುದ್ಧ ನೀರಿನ ಘಟಕದಿಂದ ತುಂಬಿಸಿಕೊಂಡ ಬಾಟಲಿಯನ್ನೇ ಒಯ್ಯುವುದು ಲೇಸು. ರೈಲಿನವರಿಗೆ ರೈಲ್ ನೀರ್ 2025ರ ಸೆಪ್ಟೆಂಬರ್‌ನಿಂದ ಲೀಟರಿಗೆ 14 ರೂಪಾಯಿ ಆಗಿದೆ. ಅದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಕಾಗಿಲ್ಲ.

ಇಷ್ಟೆಲ್ಲ ಸರಿಯಾಗುವ ತನಕ ಹೊಟ್ಟೆ ಕಾಯುವುದಿಲ್ಲ. ಹಳಬರಿಗೆ ಈ ಸಮಸ್ಯೆಯೇ ಇರಲಿಲ್ಲ, ಏಕೆಂದರೆ ಅವರು ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ತೆಲುಗಿನವರ ಸದ್ದಿಮೂಟೆಯೂ ಅದೇ. ಅವರ ಬುತ್ತಿಯಲ್ಲಿ ಒಂದು ಲೆಕ್ಕವಿತ್ತು. ಹುಣಸೆಯ ಹುಳಿ ಸೇರಿದ ಅನ್ನ ಬೇಗ ಕೆಡದು ಎಂಬುದು ಹುಣಸೆ ಮಾರುಕಟ್ಟೆಗೆ ಹೆಸರಾದ ಹಿಂದೂಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದಲ್ಲಿ ಪುಳಿಯೋಗರೆ ಎನ್ನಿ, ತೆಲುಗಿನಲ್ಲಿ ಪುಳಿಹೋರ ಎನ್ನಿ. ಮೊಸರನ್ನಕ್ಕೆ ಬೆಳಿಗ್ಗೆ ಹಾಲು ಹೆಚ್ಚು, ಮೊಸರು ಒಂದು ಚಮಚ ಬೆರೆಸಿದರೆ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಮೀರುವುದಿಲ್ಲ. ಈಗ ತಪ್ಪುವುದು ಎರಡು ಕಡೆ. ರಾತ್ರಿ ಮಾಡಿ ಹೊರಗೇ ಬಿಟ್ಟ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬುವುದು ಒಂದು. ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬೇಯಿಸಿದರೂ ಸಾಯುವುದಿಲ್ಲ, ಅದು ಉಗುಳಿದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೊಗೆಯಾಡುವ ಅನ್ನವನ್ನು ಹಾಗೆಯೇ ಬಿಗಿಯಾಗಿ ಮುಚ್ಚುವುದು ಇನ್ನೊಂದು. ಡಬ್ಬಿಯೊಳಗೆ ಬೆವರಿ ಅನ್ನ ಅಂಟಂಟಾಗುತ್ತದೆ, ಬೇಗ ಹಳಸುತ್ತದೆ. ತಟ್ಟೆಯಲ್ಲಿ ಹರಡಿ ಆರಿಸಿ ತುಂಬಬೇಕು. ತೆಂಗಿನಕಾಯಿ ಚಟ್ನಿ ದೂರದ ದಾರಿಗೆ ಬೇಡವೇ ಬೇಡ. ಕಡಲೆಕಾಯಿ ಇಲ್ಲವೇ ಹುಚ್ಚೆಳ್ಳಿನ ಚಟ್ನಿಪುಡಿ ಇರುವಾಗ ಅದರ ಅಗತ್ಯವೂ ಇಲ್ಲ.

ಅನ್ನ ಬೇಡವೆನ್ನುವ ಸಕ್ಕರೆ ಕಾಯಿಲೆಯವರಿಗೆ ರಾಗಿ ರೊಟ್ಟಿ ಇದೆ. ಅದಕ್ಕಿಂತ ಹಗುರವಾದದ್ದು ರಾಗಿ ಹುರಿಹಿಟ್ಟು. ರಾಗಿಯನ್ನು ನೆನೆಸಿ, ಆರಿಸಿ, ಅರಳು ಹುರಿದು ಬೀಸಿದ ಈ ಹಿಟ್ಟನ್ನು ಕಾಗದದ ಪೊಟ್ಟಣದಲ್ಲಿ ಒಯ್ದರೆ ಒಲೆ ಬೇಡ, ಬಿಸಿನೀರು ಬೇಡ. ಮಜ್ಜಿಗೆಗೆ ಕಲಸಿ ಚಿಟಿಕೆ ಉಪ್ಪು ಹಾಕಿದರೆ ಊಟವೇ ಆಯಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ಆಗ ಎಲ್ಲ ಕಡೆ ಭಾಷಣವಾಯಿತು. ಹುರಿಹಿಟ್ಟು ಮಾತ್ರ ಬಸ್ ನಿಲ್ದಾಣದ ಅಂಗಡಿಗೆ ಬರಲಿಲ್ಲ. ಬೇಯಿಸಿದ ಕಡಲೆಕಾಯಿ, ಹುರಿಗಡಲೆ ಕೂಡ ಒಳ್ಳೆಯ ದಾರಿ ತಿಂಡಿ. ಕಹಿಯಾದ, ಬೂಷ್ಟು ಹಿಡಿದ ಕಡಲೆಬೀಜವನ್ನು ಮಾತ್ರ ಉಗಿದುಬಿಡಬೇಕು, ಆ ಬೂಷ್ಟಿನ ವಿಷ ಯಕೃತ್ತಿಗೆ ಕೆಟ್ಟದ್ದು.

ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೊರಡುವವರು ಹಿಂದಿನ ಸಲವೇ ವೈದ್ಯರನ್ನು ಒಂದು ಮಾತು ಕೇಳಿಟ್ಟುಕೊಳ್ಳಬೇಕು: ಬೆಳಗಿನ ಇನ್ಸುಲಿನ್, ಮಾತ್ರೆ ಯಾವಾಗ ತೆಗೆದುಕೊಳ್ಳುವುದು? ಊಟವಿಲ್ಲದೆ ತೆಗೆದುಕೊಂಡರೆ ಕೆಲವು ಮಾತ್ರೆಗಳು, ಇನ್ಸುಲಿನ್ ಸಕ್ಕರೆಯನ್ನು ತೀರಾ ಇಳಿಸಿಬಿಡುತ್ತವೆ. ಬಸ್ಸಿನಲ್ಲಿ ಬೆವರು, ಕೈ ನಡುಕ, ಕಣ್ಣು ಮಂಜಾಗುವುದು ಶುರುವಾದರೆ ತಡಮಾಡದೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆಯ ಸಣ್ಣ ಪೊಟ್ಟಣವನ್ನು ಆಧಾರ್ ಕಾರ್ಡಿನ ಜತೆಗೇ ಇಟ್ಟುಕೊಂಡರೆ ಮರೆಯುವುದಿಲ್ಲ. ಉಚಿತ ಬಸ್ಸಿಗೆ ಆ ಕಾರ್ಡು ಹೇಗೂ ಬೇಕಲ್ಲ. ಪರೀಕ್ಷೆ ಮುಗಿದ ಮೇಲೆ ತಿನ್ನಲು ಡಬ್ಬಿಯೂ ಜತೆಗಿರಲಿ.

ಬುತ್ತಿ ತರಲಾಗದ ದಿನ ಹೋಟೆಲೇ ಗತಿ. ಮಧ್ಯಾಹ್ನದ ಹೊತ್ತಿಗೆ ಪಾವಗಡ, ಮಧುಗಿರಿ, ಕಲ್ಯಾಣದುರ್ಗದ ಊಟದ ಹೋಟೆಲುಗಳಲ್ಲಿ ಮುದ್ದೆ, ಸೊಪ್ಪಿನ ಸಾರು ಸಿಗುತ್ತದೆ. ತೆಲುಗಿನವರ ಸಂಗಟಿ. ಹಬೆಯಾಡುವ ಇಡ್ಲಿ ಎಲ್ಲೆಡೆ ಇದೆ. ಮುಂಚೆ ಮಾಡಿಟ್ಟಿದ್ದಕ್ಕಿಂತ ಕಣ್ಣೆದುರು ಬಿಸಿಯಾಗಿ ಇಳಿದದ್ದು ಯಾವತ್ತೂ ವಾಸಿ. ಬೇಯಿಸಿದ್ದು ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಉಗ್ಗಾಣಿ ಬಜ್ಜಿ ಬಯಸುವ ನಾಲಿಗೆಗೆ ಉಗ್ಗಾಣಿ ಸಾಕು, ಬಜ್ಜಿ ಬಿಡಬಹುದು. ಮಂಡಕ್ಕಿ, ಈರುಳ್ಳಿ, ಹುರಿಗಡಲೆ ಪುಡಿಯ ಆ ಒಗ್ಗರಣೆಯಲ್ಲಿ ಹೊಟ್ಟೆ ಕೆಡಿಸುವಂಥದ್ದು ಕಡಿಮೆ.

ಆಗಬೇಕಾದದ್ದು ದುಬಾರಿಯದಲ್ಲ. ಕರ್ನಾಟಕದಲ್ಲಿ ಸಂಜೀವಿನಿ ಯೋಜನೆಯಡಿ ಮಹಿಳಾ ಸಂಘಗಳು ನಡೆಸುವ ಅಕ್ಕ ಕೆಫೆ 2024ರಲ್ಲಿ ಆರಂಭವಾಗಿವೆ. ಆಂಧ್ರದ ಡ್ವಾಕ್ರಾ ಸಂಘಗಳಿಗೂ ಅಡುಗೆ ಹೊಸತಲ್ಲ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಪಾವಗಡ, ಗೌರಿಬಿದನೂರಿನ ಬಸ್ ನಿಲ್ದಾಣಗಳಲ್ಲಿ ತಲಾ ಒಂದು ಮಳಿಗೆಯನ್ನು ಹರಾಜಿನಿಂದ ಹೊರಗಿಟ್ಟು, ಕಡಿಮೆ ಬಾಡಿಗೆಗೆ ಇಂಥ ಸಂಘಕ್ಕೆ ಕೊಡಬಹುದು. ಬೆಳಿಗ್ಗೆ ಐದಕ್ಕೆ ತೆರೆಯಬೇಕು, ಇಡ್ಲಿ, ಮುದ್ದೆ, ಮಜ್ಜಿಗೆ, ಬಾಳೆಹಣ್ಣು ಇರಲೇಬೇಕು, ಬೆಲೆಯ ಪಟ್ಟಿ ಕನ್ನಡ ಮತ್ತು ತೆಲುಗಿನಲ್ಲಿ ಬರೆದಿರಬೇಕು ಎಂಬ ಷರತ್ತು ಹಾಕಬಹುದು. ಪಕ್ಕದಲ್ಲೇ ಬೀಗ ಹಾಕದ ಶೌಚಾಲಯ ಇರಬೇಕು. ಮಳಿಗೆಗಳ ಟೆಂಡರ್ ಅವಧಿ ಮುಗಿದಾಗಲೆಲ್ಲ ಸಾರಿಗೆ ಸಂಸ್ಥೆಯ ಕಚೇರಿಯಲ್ಲಿ ಹೊಸ ಷರತ್ತುಗಳ ಕಡತ ತೆರೆಯುತ್ತದೆ. ಗ್ರಾಮ ಪಂಚಾಯಿತಿಗಳ ಮನವಿ ಅಲ್ಲಿಗೆ ತಲುಪಬೇಕಾದದ್ದು ಆ ವಾರದಲ್ಲಿ, ಹರಾಜು ಮುಗಿದ ಮೇಲಲ್ಲ.