ನಲ್ಲಿ ನೀರಿಗೂ ಬೇಕು ಲೆಕ್ಕಪರಿಶೋಧನೆ

ವರ್ಷಾಂತ್ಯಕ್ಕೆ ದಾಸ್ತಾನು ಎಣಿಸಿ, ಬ್ಯಾಂಕ್ ಖಾತೆಯನ್ನು ತಾಳೆ ನೋಡುವ ನಾವು, ಕಾರ್ಮಿಕರು ದಿನವೂ ಕುಡಿಯುವ ನೀರನ್ನು ಮಾತ್ರ ನಂಬಿಕೆಯ ಮೇಲೆ ಬಿಟ್ಟಿರುತ್ತೇವೆ. ಕಕ್ಷಿದಾರರೊಬ್ಬರ ಕಾರ್ಖಾನೆಯ ಕಡತದಲ್ಲಿ ‘ನೀರು ಕುಡಿಯಲು ಯೋಗ್ಯ’ ಎಂಬ ವರದಿಯನ್ನು ಕಂಡೆ. ಪರೀಕ್ಷಿಸಿದ್ದು ಗಡಸುತನ, ಕರಗಿದ ಲವಣಾಂಶ ಮತ್ತು ರೋಗಾಣುಗಳನ್ನಷ್ಟೆ. ಪಕ್ಕದ ರಸ್ತೆಯಲ್ಲಿಯೇ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿದ್ದರೂ ಕ್ರೋಮಿಯಂ, ನಿಕ್ಕಲ್‌ಗಳ ಹೆಸರೇ ಅದರಲ್ಲಿರಲಿಲ್ಲ. ನಗದು ಪುಸ್ತಕವನ್ನು ನೋಡಿ ಬಾಕಿದಾರರ ಪಟ್ಟಿಯನ್ನು ಬಿಟ್ಟಂತಾಯಿತು.

ಇದು ಕಾಲ್ಪನಿಕ ಭಯವಲ್ಲ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಕೊಳಾಯಿ ನೀರೂ ಕೊಳವೆಬಾವಿ ನೀರೂ ಒಂದೇ ಸಂಪಿಗೆ ಬೀಳುವ ಕಡೆ, ಸರಬರಾಜುದಾರರ ಪರೀಕ್ಷೆಯು ನಮ್ಮ ನಲ್ಲಿಗೆ ಅನ್ವಯಿಸದು. ಐ.ಎಸ್. 10500 ಮಾನಕದಂತೆ ಲೀಟರ್ ನೀರಿನಲ್ಲಿ ಒಟ್ಟು ಕ್ರೋಮಿಯಂ 0.05, ನಿಕ್ಕಲ್ 0.02, ಸೀಸ 0.01 ಮಿಲಿಗ್ರಾಂ ಮೀರಬಾರದು. ಇಷ್ಟು ಅಲ್ಪ ಪ್ರಮಾಣವನ್ನು ಕಣ್ಣಾಗಲಿ, ನಾಲಿಗೆಯಾಗಲಿ, ಟಿ.ಡಿ.ಎಸ್. ಮೀಟರ್ ಆಗಲಿ ತಿಳಿಸಲಾರವು. ಕುದಿಸಿದರೂ ಲೋಹ ಹೋಗದು.

ಆದುದರಿಂದ ಸುತ್ತಲಿನ ಉದ್ಯಮಗಳನ್ನು ನೋಡಿ ಪರೀಕ್ಷೆಯ ಪಟ್ಟಿಯನ್ನು ನಾವೇ ಬರೆದುಕೊಡಬೇಕು. ಲೋಹಲೇಪನವಿದ್ದಲ್ಲಿ ಕ್ರೋಮಿಯಂ, ನಿಕ್ಕಲ್, ಸೈನೈಡ್. ಬ್ಯಾಟರಿ ಕೆಲಸವಿದ್ದಲ್ಲಿ ಸೀಸ. ಜಿಡ್ಡು ತೆಗೆಯುವ ದ್ರಾವಕ ಬಳಸುವಲ್ಲಿ ಟ್ರೈಕ್ಲೋರೋಎಥಿಲೀನ್. ಪ್ರಯೋಗಾಲಯಕ್ಕೆ ಆಯಾ ಪರೀಕ್ಷೆಗೇ ಎನ್.ಎ.ಬಿ.ಎಲ್. ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಮಾದರಿಯನ್ನು ಅವರೇ ಕೊಡುವ ಬಾಟಲಿಯಲ್ಲಿ, ಕುಡಿಯುವ ನಲ್ಲಿಯಿಂದಲೇ ಹಿಡಿಯಬೇಕು.

‘ವರದಿ ಪ್ರತಿಕೂಲವಾದರೆ ನಮಗೇ ತೊಡಕಲ್ಲವೇ?’ ಎಂದು ಅನೇಕ ಮಿತ್ರರು ಕೇಳುತ್ತಾರೆ. ಈ ಅಳುಕು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಮಾಲಿನ್ಯ ಮಾಡಿದವನೇ ವೆಚ್ಚ ಭರಿಸಬೇಕೆಂಬುದು ಈ ನೆಲದ ಕಾನೂನಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ತಮಿಳುನಾಡಿನ ಚರ್ಮೋದ್ಯಮಗಳ ಪ್ರಕರಣದಲ್ಲಿ ಹೇಳಿದೆ. ವರದಿ ಇಲ್ಲದ ಮಾತ್ರಕ್ಕೆ ಹೊಣೆ ಇಲ್ಲವಾಗದು. ಲೆಕ್ಕದ ದೃಷ್ಟಿಯಿಂದಲೂ, ಪರೀಕ್ಷಾ ಶುಲ್ಕ ವ್ಯಾಪಾರದ ವೆಚ್ಚ. ಕಾನೂನು ಉಲ್ಲಂಘನೆಯ ದಂಡವನ್ನಾದರೋ ಆದಾಯದಿಂದ ಕಳೆಯಲಾಗದು. ನೀರು ಕೆಟ್ಟಿದೆಯೆಂದು ತಿಳಿದ ದಿನವೇ ಕಾರ್ಮಿಕರಿಗೆ ಬೇರೆ ನೀರು ಒದಗಿಸಬಹುದು. ತಿಳಿಯದಿದ್ದರೆ ಅವರು ಅದನ್ನೇ ಕುಡಿಯುತ್ತಿರುತ್ತಾರೆ.

ಸಣ್ಣ ಘಟಕಕ್ಕೆ ಈ ವೆಚ್ಚ ಭಾರವೆನಿಸಬಹುದು. ಒಂದು ಬಡಾವಣೆಯ ಘಟಕಗಳು ಕೂಡಿಕೊಂಡು ಮಳೆಗಾಲಕ್ಕೆ ಮುನ್ನ ಒಮ್ಮೆ, ಅನಂತರ ಒಮ್ಮೆ ಪರೀಕ್ಷಿಸಿದರೆ ಹೊರೆ ಹಗುರವಾಗುತ್ತದೆ. ಇದರ ಮುಂದಾಳತ್ವವನ್ನು ನಮ್ಮ ಸಂಸ್ಥೆಯೇ ವಹಿಸಲೆಂದು ಪದಾಧಿಕಾರಿಗಳಲ್ಲಿ ನನ್ನ ವಿನಮ್ರ ಮನವಿ.