ನಾಯಿಯ ಆಹಾರದಲ್ಲಿ ಅಡಗಿರುವುದೇನು?

ಒಳ್ಳೆಯ ತಳಿಯ ನಾಯಿಗೆ ಮರಿಗಳಾಗದಿದ್ದರೆ ಸಾಕುವವರು ಆಹಾರದ ಡಬ್ಬಿಯ ಮೇಲಿನ ಪ್ರೋಟೀನು, ಕೊಬ್ಬುಗಳ ಲೆಕ್ಕವನ್ನು ನೋಡುತ್ತಾರೆ. ಡಬ್ಬಿಯ ಮೇಲೆ ಬರೆಯದ ವಸ್ತುಗಳನ್ನೂ ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದನ್ನು ನೋಡೋಣ. ವಿಕಲಚೇತನರ ನೆರವಿಗೆಂದು ನಾಯಿಗಳನ್ನು ಬೆಳೆಸುವ ಕೇಂದ್ರವೊಂದರಲ್ಲಿ ಲ್ಯಾಬ್ರಡಾರ್, ಜರ್ಮನ್ ಷೆಪರ್ಡ್ ಮೊದಲಾದ ಗಂಡುನಾಯಿಗಳ ವೀರ್ಯವನ್ನು 26 ವರ್ಷ ಒಂದೇ ವಿಧಾನದಿಂದ ಪರೀಕ್ಷಿಸಲಾಯಿತು. ಮುಂದಕ್ಕೆ ಸರಿಯಾಗಿ ಚಲಿಸಬಲ್ಲ ವೀರ್ಯಾಣುಗಳ ಪ್ರಮಾಣ 1988ರಿಂದ 1998ರವರೆಗೆ ವರ್ಷಕ್ಕೆ ಶೇಕಡ 2.5ರಂತೆ ಇಳಿಯಿತು. ಫಲವತ್ತತೆ ಕುಂದಿದ ನಾಯಿಗಳನ್ನು ಕೈಬಿಟ್ಟ ಮೇಲೂ 2002ರಿಂದ 2014ರವರೆಗೆ ವರ್ಷಕ್ಕೆ ಶೇಕಡ 1.2ರಂತೆ ಇಳಿಯುತ್ತಲೇ ಹೋಯಿತು. ನಾಯಿಗಳ ವೀರ್ಯದಲ್ಲಿಯೂ ವೃಷಣಗಳಲ್ಲಿಯೂ ಪಿಸಿಬಿ ಎಂಬ ಹಳೆಯ ಕೈಗಾರಿಕಾ ರಾಸಾಯನಿಕವೂ ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಥ್ಯಾಲೇಟೂ ದೊರೆತವು. ಅಂಗಡಿಯಲ್ಲಿ ಮಾರುವ ನಾಯಿ ಆಹಾರದಲ್ಲಿಯೂ ಅವೇ ಇದ್ದುವು! ಪ್ರಯೋಗಶಾಲೆಯಲ್ಲಿ ಇವು ವೀರ್ಯಾಣುಗಳ ಚಲನೆಯನ್ನು ಕುಂದಿಸಿದುದೂ ಕಂಡುಬಂದಿತು.

ಇವುಗಳನ್ನು ಯಾರೂ ಬೇಕೆಂದು ಬೆರೆಸಿದ್ದಲ್ಲ. ಈ ಇಳಿತಕ್ಕೆ ಆಹಾರವೇ ಕಾರಣವೆಂದು ಸಿದ್ಧವಾಗಿಯೂ ಇಲ್ಲ. ಆದರೆ ದಿನವೂ ಅದೇ ಡಬ್ಬಿಯಿಂದ ಉಣ್ಣುವ ಪ್ರಾಣಿಗೆ ಆಯ್ಕೆಯೆಲ್ಲಿದೆ? ತಯಾರಕರು ಈ ಎರಡು ರಾಸಾಯನಿಕಗಳಿಗಾಗಿ ತಮ್ಮ ಸರಕನ್ನು ಆಗಾಗ್ಗೆ ಪರೀಕ್ಷಿಸಿ, ಪ್ರಮಾಣವನ್ನು ಡಬ್ಬಿಯ ಮೇಲೆಯೇ ಅಚ್ಚುಹಾಕಲಿ. ಕೊಳ್ಳುವವರೂ ಅದನ್ನು ಕೇಳಿ ಪಡೆಯಲಿ.