ಗುಮಾಸ್ತನ ಕೈತಪ್ಪು



ಹಾಡು ಬರೆಯುವುದೂ ದುಡಿಮೆಯೇ. ಅದರ ಕೂಲಿ ಎಲ್ಲಿ ಜಾರಿಹೋಗುತ್ತದೆ, ಕೇಳಿರಿ.

ಅಮೆರಿಕದ ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳ ಊರು. ಅಲ್ಲಿ ಕಾರು ಜೋಡಿಸುವ ಸಾಲಿನಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಹಾಡಿನ ತಟ್ಟೆಗಳ ಕಂಪೆನಿ ತೆರೆದರು. ಕಪ್ಪು ಜನರ 'ಸೋಲ್' ಸಂಗೀತವನ್ನು ಲೋಕಕ್ಕೆಲ್ಲ ಮಾರಿದ 'ಮೋಟೌನ್' ಅದೇ. ಅದರ ಮೊದಲ ದೊಡ್ಡ ಗೆಲುವು 'ಮನಿ' ಎಂಬ ಹಾಡು. ಮನಿ ಎಂದರೆ ದುಡ್ಡು! ಹಾಡಿದವರು ಬ್ಯಾರೆಟ್ ಸ್ಟ್ರಾಂಗ್. ಬರೆದವರಲ್ಲಿ ತಾವೂ ಒಬ್ಬರೆಂದು ಅವರು ಹೇಳಿದರು. ಹಾಡಿನ ಹಕ್ಕು ದಾಖಲಿಸುವ ಸರಕಾರಿ ದಫ್ತರದಲ್ಲೂ ಅವರ ಹೆಸರಿತ್ತು. 1962ರಲ್ಲಿ ಅದನ್ನು ತೆಗೆಸಲಾಯಿತು. 1987ರಲ್ಲಿ ದಾಖಲೆ ನವೀಕರಿಸುವಾಗ ಮತ್ತೆ ಬಂತು. ಮರುವರ್ಷ ಗೀಟೆಳೆದು ಹೊಡೆದರು. ಹೀಗೆ ಹೊಡೆದದ್ದನ್ನು ಬರೆದವನಿಗೆ ತಿಳಿಸುವ ಪದ್ಧತಿ ಆ ದಫ್ತರಕ್ಕಿರಲಿಲ್ಲ. 1963ರಲ್ಲಿ ಬೀಟಲ್ಸ್ ತಂಡವೂ ಆ ಹಾಡು ಹಾಡಿತು. ಬರೆದವರ ಪಾಲು ಹರಿಯಿತು, ಸ್ಟ್ರಾಂಗರ ಮನೆಗಲ್ಲ.

ಹೆಸರು ಸೇರಿದ್ದೇ ಗುಮಾಸ್ತನ ಕೈತಪ್ಪು ಎಂದಿತು ಮಾಲೀಕರ ಪಕ್ಷ. ಒಳ್ಳೆಯ ಗುಮಾಸ್ತ! 28 ವರ್ಷ ಬಿಟ್ಟು ಮತ್ತೆ ಅದೇ ತಪ್ಪು ಮಾಡಿದನೇ? ಹೆಸರು ಹೋದ ಮೇಲೆ ಉಳಿದವರು ಇಬ್ಬರು. ಅವರಲ್ಲೊಬ್ಬರು ಸ್ವತಃ ಗಾರ್ಡಿ.

"ಗಾರ್ಡಿಯೂ ಕಪ್ಪು ಜನರವರೇ, ದುಡಿದು ಬಂದವರೇ" ಎನ್ನುವವರುಂಟು. ಹೋಟೆಲಿನಲ್ಲಿ ದುಡಿದ ನಮಗೆ ಈ ಮಾತು ಹೊಸದೇ? ಊರವನೇ ಧಣಿ, ಜಾತಿಯವನೇ ಧಣಿ ಎಂದು ಪಗಾರದ ಪುಸ್ತಕ ನೋಡದೆ ಹೆಬ್ಬೆಟ್ಟು ಒತ್ತಿದವರು ನಮ್ಮಲ್ಲಿ ಎಷ್ಟಿಲ್ಲ! ಸ್ಟ್ರಾಂಗರಿಗೂ ದಾಖಲೆಯ ಸಂಗತಿ ತಿಳಿದದ್ದು ದಶಕಗಳ ನಂತರ. ತಕರಾರು ಹೂಡಲು ಕಾನೂನು ಕೊಟ್ಟ ವಾಯಿದೆ ಮೂರೇ ವರ್ಷ. 2023ರ ಜನವರಿಯಲ್ಲಿ ಅವರು ತೀರಿಕೊಂಡರು.